ಹೂಮಳೆಗೆ ಮುಂಚೆ ಕಿತ್ತಳೆ ಮರದ ಕೊಂಬೆ ಸವರುವುದು: ನನ್ನ ಅನುಭವ

ಕಾಫಿ ಗಿಡಕ್ಕೆ ಕತ್ತಿ ಹಾಕಲು ಯಾರೂ ಹಿಂಜರಿಯುವುದಿಲ್ಲ, ಕಿತ್ತಳೆ ಎಂದರೆ ಮಾತ್ರ "ಮುಟ್ಟಬೇಡಿ, ಒಣಗಿ ಹೋಗುತ್ತೆ" ಅನ್ನುತ್ತಾರೆ. ನಮ್ಮ ಹಳೇ ಮರಗಳು ಸವರಿದ ಮೇಲೆಯೇ ಚೆನ್ನಾಗಿವೆ. ಒಣಗಿದ್ದು ಎರಡೋ ಮೂರೋ, ಅವೂ ಬೇರು ಕೊಳೆತಿದ್ದವು.

ಕೊಯ್ಲು ಮುಗಿದು ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆಯ ಮೊದಲ ಮಳೆ, ಬೀಳುವುದರೊಳಗೆ, ಅಂದರೆ ಫೆಬ್ರವರಿ ಕೊನೆ, ಹೆಚ್ಚೆಂದರೆ ಮಾರ್ಚ್ ಮೊದಲ ವಾರಕ್ಕೆ ಕೆಲಸ ಆಗಿರಬೇಕು. ತಡವಾದರೆ ಹೂ ಬಿಡುವ ಚಿಗುರೇ ಕತ್ತಿಗೆ ಹೋಗುತ್ತದೆ. ಮಳೆಗಾಲದಲ್ಲಿ ಕಡಿದರೆ ಗಾಯಕ್ಕೆ ಗುಲಾಬಿ ರೋಗ (ಕೊಂಬೆ ಒಣಗಿಸುವ ಶಿಲೀಂಧ್ರ) ಹತ್ತುತ್ತದೆ.

ಮೊದಲು ಒಣಕಲು, ಆಮೇಲೆ ಬಂದಳಿಕೆ. ಬಂದಳಿಕೆ ಕಿತ್ತರೆ ಸಾಲದು, ಅದರ ಬೇರು ಕೊಂಬೆಯೊಳಗಿರುತ್ತದೆ. ಅಂಟಿದ ಜಾಗದಿಂದ ಒಂದಡಿ ಕೆಳಗೆ ಕಡಿಯಬೇಕು. ಕೊನೆಗೆ ನಡುವೆ ಒಂದಕ್ಕೊಂದು ಉಜ್ಜುವ ಕೊಂಬೆ. ಹಸಿರಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ತೆಗೆದರೆ ನೀರುಚಿಗುರು (ನೆಟ್ಟಗೆ ಏಳುವ ಸೊಕ್ಕಿದ ಚಿಗುರು) ಪೊದೆಯಾಗಿ ಏಳುತ್ತದೆ. ಮರಗಸಿಯೂ (ಕಾಫಿ ತೋಟದ ನೆರಳುಮರಗಳ ಕೊಂಬೆ ಕಡಿಯುವುದು) ಅದೇ ವರ್ಷ ಜೋರಾದರೆ ಪಡುವಣ ಬದಿಯ ತೊಗಟೆ ಬಿಸಿಲಿಗೆ ಸೀಳುತ್ತದೆ. ಕಾಂಡಕ್ಕೆ ಸುಣ್ಣ ಬಳಿಯಿರಿ.

ದಪ್ಪ ಕೊಂಬೆಗೆ ಗರಗಸ ಮೂರು ಸಲ. ಕಾಂಡದಿಂದ ಒಂದಡಿ ಆಚೆ ಅಡಿಯಿಂದ ಕಾಲು ಭಾಗ; ಅಲ್ಲಿಂದ ನಾಲ್ಕು ಬೆರಳು ಆಚೆ ಮೇಲಿನಿಂದ ಪೂರ್ತಿ; ಉಳಿದ ಮೋಟನ್ನು ಕೊಂಬೆ ಕಾಂಡಕ್ಕೆ ಸೇರುವಲ್ಲಿನ ಉಬ್ಬಿನ ಅಂಚಿಗೆ. ಉಬ್ಬನ್ನೇ ಕೆತ್ತಿದರೆ ಗಾಯ ಮುಚ್ಚುವುದಿಲ್ಲ, ಮೋಟು ಬಿಟ್ಟರೆ ಕೊಳೆತ ಒಳಗಿಳಿಯುತ್ತದೆ. ಅದೇ ದಿನ ಬೋರ್ಡೋ ಪೇಸ್ಟ್ ಬಳಿಯಬೇಕು: ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ತಲಾ 5 ಲೀಟರ್ ನೀರಿನಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕರಗಿಸಿ ಕೂಡಿಸಿದ್ದು. ಮೇ ಕೊನೆಗೆ ಇನ್ನೊಂದು ಸುತ್ತು. ಈ ಎರಡನೇ ಸುತ್ತಿನ ದುಡ್ಡು ಉಳಿಸಿದವರೇ ಆಮೇಲೆ ಮರ ಸತ್ತಿತು ಅಂತ ಕೂಗುವುದು.

ಕೂಲಿ, ಮೈಲುತುತ್ತ ಎಲ್ಲ ಸೇರಿ ಮರಕ್ಕೆ 200–250 ರೂಪಾಯಿ ಬಿದ್ದಿರಬಹುದು. ಮೊದಲ ವರ್ಷ ಫಸಲು ಮೂರರಲ್ಲಿ ಒಂದು ಪಾಲು ಇಳಿಯಿತು, ನಗುವವರು ನಕ್ಕರು. ಮರುವರ್ಷ ಎಣಿಕೆ ಹಳೆಯಷ್ಟೇ, ಗಾತ್ರ ಮಾತ್ರ ದೊಡ್ಡದು. ವ್ಯಾಪಾರಿ ಆರಿಸದೆ ಒಯ್ದ. ಗ್ರೀನಿಂಗ್ ಎಂಬ ವಾಸಿಯಾಗದ ರೋಗ ಹಿಡಿದ ಮರಕ್ಕೆ ಇದು ಮದ್ದಲ್ಲ, ಬುಡಸಮೇತ ತೆಗೆಯಿರಿ.

ಕಸಿ ಗಿಡವಾದರೆ ಜುಲೈ–ಆಗಸ್ಟಿನಲ್ಲಿ ಕಸಿಯ ಕೆಳಗೆ ಬೇರುಗಿಡವಾದ ರಂಗಪುರ ನಿಂಬೆ ಚಿಗುರುತ್ತದೆ. ಬೆರಳುದ್ದ ಇರುವಾಗಲೇ ಕೈಯಲ್ಲಿ ಕಿತ್ತುಬಿಡಿ. ಮೇಲಿನ ನೀರುಚಿಗುರಿನಲ್ಲಿ ಯಾವುದನ್ನು ಉಳಿಸಿ ಬಗ್ಗಿಸಿ ಕಟ್ಟುವುದು ಅನ್ನುವುದನ್ನು ಮಾತ್ರ ಬರೆಯುವುದಿಲ್ಲ, ತೋಟಕ್ಕೆ ಬಂದರೆ ತೋರಿಸುತ್ತೇನೆ.

ಈಗ ಬೆಣ್ಣೆಹಣ್ಣಿನ ಮೇಲೆ ಕೈಯಿಟ್ಟಿದ್ದೇನೆ. ಅದು ಕೊಂಬೆಯ ತುದಿಯಲ್ಲಿ ಹೂ ಬಿಡುವ ಮರ, ತಲೆ ಪೂರ್ತಿ ಹಾರಿಸಿದರೆ ಆ ವರ್ಷ ಕಾಯಿಯಿಲ್ಲ. ಹಾಗಾಗಿ ವರ್ಷಕ್ಕೊಂದೇ ದೊಡ್ಡ ಕೊಂಬೆ ಇಳಿಸುತ್ತಿದ್ದೇನೆ, ಎತ್ತರ ಇಪ್ಪತ್ತಡಿಗೆ ಬರುವ ತನಕ.