ಧರ್ಮೋಪದೇಶದ ಪೀರಿಯಡ್ ಮುಗಿದ ಮೇಲೆ: ಮಕ್ಕಳಲ್ಲಿ ವಿಶ್ವಾಸ, ಒಳ್ಳೆ ನಡತೆ ಬೆಳೆಸುವುದು ಹೇಗೆ?

ಕಥೋಲಿಕ ಶಾಲೆಗೆ ಸೇರಿಸಿಬಿಟ್ಟರೆ ಸಾಕು, ದೇವರು, ಶಿಸ್ತು, ಒಳ್ಳೆ ಬುದ್ಧಿ ಎಲ್ಲಾ ತಾನಾಗಿ ಬರುತ್ತದೆ ಅಂತ ಬಹಳ ಪೋಷಕರು ಅಂದುಕೊಂಡಿರುತ್ತಾರೆ. ಶಾಲೆಯವರು ಇದೆಲ್ಲಾ ಮನೆಯಲ್ಲೇ ಕಲಿತು ಬಂದಿರುತ್ತದೆ ಅಂದುಕೊಳ್ಳುತ್ತಾರೆ. ಮಗು ಮಾತ್ರ ಜಪಗಳನ್ನೆಲ್ಲ ಬಾಯಿಪಾಠ ಮಾಡಿ, ಹತ್ತು ಕಟ್ಟಳೆಗಳನ್ನು ಪರೀಕ್ಷೆಯಲ್ಲಿ ಒಂದೂ ತಪ್ಪಿಲ್ಲದೆ ಬರೆದು, ಅದೇ ಮಧ್ಯಾಹ್ನ ಆಟದಲ್ಲಿ ಗೆಳೆಯನಿಗೆ ಮೋಸ ಮಾಡಿ ಬರುತ್ತದೆ. ಪಾಠ ಬಂತು, ನಡತೆ ಬರಲಿಲ್ಲ. ಎರಡನ್ನೂ ಬೇರೆ ಬೇರೆ ಇಟ್ಟು ಕಲಿಸಿದರೆ ಹೀಗೇ ಆಗೋದು.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಮನೆಯಿಂದಲೇ. ಜಗತ್ತಿನ ಕಥೋಲಿಕ ಬಿಷಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಶಿಕ್ಷಣದ ಬಗ್ಗೆ ಹೊರಡಿಸಿದ ಘೋಷಣೆ ಇದನ್ನು ನೇರವಾಗಿ ಹೇಳುತ್ತದೆ: ಮಕ್ಕಳಿಗೆ ಮೊದಲ ಮತ್ತು ಮುಖ್ಯ ಶಿಕ್ಷಕರು ತಂದೆತಾಯಿ. ಶಾಲೆ ಅವರಿಗೆ ಜೊತೆ ಕೊಡುತ್ತದೆ, ಅವರ ಜಾಗಕ್ಕೆ ಬರುವುದಿಲ್ಲ. ಹಾಗಾಗಿ ವರ್ಷದ ಶುರುವಿನಲ್ಲೇ ಕ್ಲಾಸ್ ಟೀಚರ್ ಹತ್ತಿರ ಒಮ್ಮೆ ಕೂತು ಮಾತಾಡಿ. ಅಂಕದ ಮಾತು ಬೇಡ. ನನ್ನ ಮಗು ಬೇರೆ ಮಕ್ಕಳ ಜೊತೆ ಹೇಗಿರುತ್ತದೆ, ಸೋತಾಗ ಏನು ಮಾಡುತ್ತದೆ, ಈ ತಿಂಗಳು ಧರ್ಮೋಪದೇಶದಲ್ಲಿ ಏನು ನಡೀತಿದೆ, ಇಷ್ಟು ಕೇಳಿ.

ಪ್ರಾರ್ಥನೆ ಚಿಕ್ಕದಿರಲಿ, ನಿಧಾನವಿರಲಿ

ಶಿಲುಬೆಯ ಗುರುತು ಹಾಕುವಾಗ ಮಕ್ಕಳ ಕೈ ನೋಡಿ. ನೊಣ ಓಡಿಸಿದ ಹಾಗಿರುತ್ತದೆ. ಅದನ್ನು ನೀವೂ ಜೊತೆಗೆ ನಿಂತು, ಹಣೆ, ಎದೆ, ಎರಡೂ ಭುಜ ಮುಟ್ಟಿ ನಿಧಾನವಾಗಿ ಮಾಡಿ ತೋರಿಸಿ. ಆಮೇಲೆ ಒಂದು ಜಪ ಸಾಕು. ಅದಾದ ಮೇಲೆ ಮಗು ತನ್ನದೇ ಮಾತಿನಲ್ಲಿ ದೇವರಿಗೆ ಮೂರು ವಿಷಯ ಹೇಳಲಿ: ಒಂದು ಥ್ಯಾಂಕ್ಸ್, ಒಂದು ಸಾರಿ, ಒಂದು ಬೇಡಿಕೆ. ಬೇಡಿಕೆ ತನಗಲ್ಲದೆ ಬೇರೆಯವರಿಗೂ ಇರಲಿ ಅಂತ ಒಮ್ಮೆ ನೆನಪಿಸಿದರೆ ಸಾಕು. ಹುಷಾರಿಲ್ಲದ ಗೆಳತಿ, ಬಯ್ಯುವ ಟೀಚರ್, ಎಲ್ಲರೂ ಪಟ್ಟಿಗೆ ಬರುತ್ತಾರೆ.

ಭಾನುವಾರದ ಬಲಿಪೂಜೆಗೂ (ಮಾಸ್) ಒಂದು ಸುಲಭದ ತಯಾರಿ ಇದೆ. ಶನಿವಾರ ರಾತ್ರಿಯೇ ಮರುದಿನದ ಶುಭಸಂದೇಶವನ್ನು, ಅಂದರೆ ಯೇಸುವಿನ ಬಗೆಗಿನ ಬೈಬಲ್ ಪಾಠವನ್ನು, ಮನೆಯಲ್ಲಿ ಗಟ್ಟಿಯಾಗಿ ಓದಿ. ಕೇಳಿದ ಕಥೆಯೇ ದೇವಾಲಯದಲ್ಲಿ ಮತ್ತೆ ಬಂದಾಗ ಮಗು ಕಿವಿ ನೆಟ್ಟಗೆ ಮಾಡುತ್ತದೆ. ಚಿಕ್ಕ ಮಕ್ಕಳನ್ನು ಹಿಂದೆ ಕೂರಿಸಬೇಡಿ, ಪೀಠ ಕಾಣುವ ಕಡೆ ಕೂರಿಸಿ.

ಮಲಗುವ ಮುಂಚೆ ಐದು ನಿಮಿಷ

ನನ್ನ ಪ್ರಕಾರ ಇದಕ್ಕಿಂತ ಕೆಲಸಕ್ಕೆ ಬರುವ ಅಭ್ಯಾಸ ಇನ್ನೊಂದಿಲ್ಲ. 'ಯೇಸು ಸಭೆ' ಎಂಬ ಜೆಸ್ವಿಟ್ ಗುರುಗಳ ಸಂಘವನ್ನು ಕಟ್ಟಿದ ಲೊಯೋಲದ ಸಂತ ಇಗ್ನಾಸಿಯವರು 16ನೇ ಶತಮಾನದಲ್ಲೇ ಕಲಿಸಿಕೊಟ್ಟದ್ದು: ದಿನ ಮುಗಿಯುವಾಗ ದೇವರ ಮುಂದೆ ಆ ದಿನವನ್ನು ಒಮ್ಮೆ ಹಿಂತಿರುಗಿ ನೋಡುವುದು. ಮಕ್ಕಳಿಗೆ ಅದನ್ನು ಚಿಕ್ಕದು ಮಾಡಿಕೊಳ್ಳಬಹುದು. ಆದರೆ 'ಇವತ್ತು ಏನಾಯ್ತು?' ಅಂತ ಕೇಳಿದರೆ 'ಏನೂ ಇಲ್ಲ' ಅನ್ನೋ ಉತ್ತರ ಗ್ಯಾರಂಟಿ. ಅದರ ಬದಲು ಹೀಗೆ ಕೇಳಿ: ಇವತ್ತು ನಿನ್ನನ್ನು ಯಾರು ನಗಿಸಿದರು? ಊಟದ ಹೊತ್ತಲ್ಲಿ ಯಾರಾದರೂ ಒಬ್ಬರೇ ಕೂತಿದ್ದರಾ? ಯಾವ ಮಾತು ಆಡಬಾರದಿತ್ತು ಅನ್ನಿಸಿತು? ನಾಳೆ ಏನು ಬೇರೆ ಥರ ಮಾಡ್ತೀಯ? ಉತ್ತರಕ್ಕೆ ಉಪದೇಶ ಸೇರಿಸಬೇಡಿ, ಸುಮ್ನೆ ಕೇಳಿಸಿಕೊಳ್ಳಿ. ನಿಮ್ಮ ದಿನದ ಒಂದು ತಪ್ಪನ್ನೂ ಹೇಳಿ. ಅಪ್ಪನೂ ತಪ್ಪು ಮಾಡ್ತಾನೆ, ಅಪ್ಪನೂ ದೇವರ ಹತ್ತಿರ ಸಾರಿ ಕೇಳ್ತಾನೆ ಅಂತ ಗೊತ್ತಾದ ಮಗು ತನ್ನದನ್ನು ಮುಚ್ಚಿಡುವುದು ಕಡಿಮೆ.

ತಪ್ಪು ಮಾಡಿದಾಗ

ಪಕ್ಕದವಳ ಬಾಕ್ಸಿನಿಂದ ಪೆನ್ಸಿಲ್ ಎತ್ತಿಕೊಂಡು ಬಂದಿದ್ದಾಳೆ ಅಂತಿಟ್ಟುಕೊಳ್ಳಿ. 'ದೇವರು ಕಣ್ಣು ಕೀಳ್ತಾನೆ' ಅಂತ ಮಾತ್ರ ಹೇಳಬೇಡಿ. ಹಾಗೆ ಹೆದರಿಸಿದ ದೇವರ ಹತ್ತಿರ ಆ ಮಗು ದೊಡ್ಡವಳಾದ ಮೇಲೆ ಹೋಗುವುದೇ ಇಲ್ಲ. ಜಕ್ಕಾಯನ ಕಥೆ ಹೇಳಿ. ಸುಂಕದವನು, ಕುಳ್ಳ, ಯೇಸುವನ್ನು ನೋಡಲು ಮರ ಹತ್ತಿದವನು. ಯೇಸು ಅವನ ಮನೆಗೇ ಬಂದರು. ಆಮೇಲೆ ಅವನು 'ಯಾರಿಗಾದರೂ ಮೋಸ ಮಾಡಿದ್ದರೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ' ಅಂದ. ಲೂಕನ 19ನೇ ಅಧ್ಯಾಯದಲ್ಲಿದೆ. ಪ್ರೀತಿ ಮೊದಲು ಬಂತು, ತಿದ್ದಿಕೊಳ್ಳೋದು ಆಮೇಲೆ. ಕಥೆ ಮುಗಿದ ಮೇಲೆ ಕೆಲಸ: ನಾಳೆ ಬೆಳಿಗ್ಗೆ ಅವಳೇ ಪೆನ್ಸಿಲ್ ಹಿಡಿದುಕೊಂಡು ಹೋಗಿ, 'ನಾನು ಕೇಳದೆ ತಗೊಂಡೆ, ಸಾರಿ' ಅಂತ ಕೊಡಬೇಕು. ನೀವು ಬಾಗಿಲ ತನಕ ಹೋಗಿ, ಒಳಗೆ ಅವಳೊಬ್ಬಳೇ ಹೋಗಲಿ.

ಪಾಪನಿವೇದನೆಯ ದಾರಿಯೂ ಇದೇ ಅಲ್ವಾ? ತಪ್ಪನ್ನು ನೆನಪು ಮಾಡಿಕೊಳ್ಳುವುದು, ಮನಸ್ಸಿನಲ್ಲಿ ನೊಂದುಕೊಳ್ಳುವುದು, ಇನ್ನು ಮಾಡಲ್ಲ ಅಂತ ನಿರ್ಧರಿಸುವುದು, ಗುರುಗಳ (ಫಾದರ್) ಹತ್ತಿರ ಹೇಳಿಕೊಳ್ಳುವುದು, ಪ್ರಾಯಶ್ಚಿತ್ತ ಮಾಡುವುದು. ಮನೆಯಲ್ಲಿ ಪೆನ್ಸಿಲ್ ವಾಪಸ್ ಕೊಟ್ಟ ಮಗುವಿಗೆ ಈ ಸಂಸ್ಕಾರ ಹೊಸದು ಅನ್ನಿಸುವುದಿಲ್ಲ. ಆದರೆ ಒಂದು ಮಾತು: ನಿವೇದನೆ ಮುಗಿಸಿ ಬಂದ ಮಗುವನ್ನು 'ಫಾದರ್ ಹತ್ತಿರ ಏನು ಹೇಳಿದೆ?' ಅಂತ ಯಾವತ್ತೂ ಕೇಳಬೇಡಿ. ಗುರುಗಳು ಅದನ್ನು ಯಾರಿಗೂ ಹೇಳುವಂತಿಲ್ಲ. ಮನೆಯವರು ಕೆದಕಿದರೆ ಮಗುವಿನ ಭರವಸೆಯೇ ಹೋಗುತ್ತದೆ.

ಟೀಚರ್‌ಗಳಿಗೆ ಎರಡು ಮಾತು

ಸಂತ ಡಾನ್ ಬಾಸ್ಕೊ ಬೀದಿ ಹುಡುಗರ ಜೊತೆ ಬದುಕಿದವರು. ಅವರ ಪದ್ಧತಿ ನಿಂತಿದ್ದು ಮೂರರ ಮೇಲೆ: ಕಾರಣ ತಿಳಿಸಿ ಹೇಳುವುದು, ಧರ್ಮ, ಅಕ್ಕರೆ. 1884ರಲ್ಲಿ ರೋಮ್‌ನಿಂದ ಬರೆದ ಪತ್ರದಲ್ಲಿ ಅವರು ಹೇಳಿದ್ದರ ಸಾರ ಇಷ್ಟು: ಹುಡುಗರನ್ನು ಪ್ರೀತಿಸಿದರೆ ಸಾಲದು, ಪ್ರೀತಿಸುತ್ತಿದ್ದೀರಿ ಅಂತ ಅವರಿಗೆ ಗೊತ್ತಾಗಬೇಕು. ಅದು ಗೊತ್ತಾಗುವುದು ಆಟದ ಮೈದಾನದಲ್ಲಿ. ಆಟದ ಹೊತ್ತಲ್ಲಿ ಸ್ಟಾಫ್ ರೂಮಿನಿಂದ ಹೊರಗೆ ಬನ್ನಿ. ಯಾರು ಯಾರನ್ನು ತಂಡಕ್ಕೆ ಸೇರಿಸಿಕೊಳ್ಳುತ್ತಿಲ್ಲ ಅಂತ ಅಲ್ಲೇ ಕಾಣುತ್ತದೆ.

ಪ್ರತಿ ಒಳ್ಳೆ ಕೆಲಸಕ್ಕೂ ಸ್ಟಾರ್ ಅಂಟಿಸುವುದು ನನಗೆ ಸರಿ ಕಾಣುವುದಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಅಂತ ಯೇಸು ಕಲಿಸಿದ್ದಾರೆ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ 40 ದಿನಗಳಲ್ಲಿ ದಾನದ ಡಬ್ಬಿ ಇಡುವಾಗಲೂ ಅಷ್ಟೇ. ಅಪ್ಪನ ಜೇಬಿನ ನೋಟು ಬೇಡ. ಮಗು ತಾನೇ ಬಿಟ್ಟುಕೊಟ್ಟ ತಿಂಡಿಯ ದುಡ್ಡು ಇರಲಿ, ಎಷ್ಟೇ ಕಡಿಮೆಯಾದರೂ ಪರವಾಗಿಲ್ಲ. ಯಾರು ಎಷ್ಟು ಹಾಕಿದರು ಅಂತ ತರಗತಿಯಲ್ಲಿ ಓದಬೇಡಿ. ಬೇರೆ ಧರ್ಮದ ಮಕ್ಕಳಿದ್ದರೆ ಪ್ರಾರ್ಥನೆಗೆ ಬಲವಂತ ಬೇಡ, ಸೇವೆಯ ಕೆಲಸಕ್ಕೆ ಎಲ್ಲರನ್ನೂ ಕರೆಯಿರಿ.

ದೊಡ್ಡ ತರಗತಿಯ ಮಕ್ಕಳು ಪ್ರಶ್ನೆ ಕೇಳುತ್ತಾರೆ, ಕೇಳಲಿ. ಯೇಸು ಸತ್ತು ಎದ್ದು ಬಂದಿದ್ದಾರೆ ಅಂದಾಗ, ಅವರ ಗಾಯ ಮುಟ್ಟದೆ ನಂಬಲ್ಲ ಅಂದ ಶಿಷ್ಯ ತೋಮನಿಗೆ ಯೇಸು 'ಬಾ, ಮುಟ್ಟಿ ನೋಡು' ಅಂದರು. ಉತ್ತರ ಗೊತ್ತಿಲ್ಲದಿದ್ದರೆ 'ಇಬ್ಬರೂ ಸೇರಿ ಹುಡುಕೋಣ' ಅನ್ನಿ, ಆ ವಾರವೇ ಹುಡುಕಿ. ಈ ವಯಸ್ಸಿನವರಿಗೆ ಕಾರ್ಲೊ ಅಕುಟಿಸ್ ಬಗ್ಗೆ ಹೇಳಿ: 1991ರಲ್ಲಿ ಹುಟ್ಟಿದ ಹುಡುಗ, ಕಂಪ್ಯೂಟರ್ ಅಂದ್ರೆ ಪ್ರಾಣ, ಪರಮಪ್ರಸಾದದ (ಬಲಿಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಅದ್ಭುತಗಳ ಬಗ್ಗೆ ವೆಬ್‌ಸೈಟ್ ಮಾಡಿದವನು, 15ನೇ ವಯಸ್ಸಿಗೆ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡ. 2025ರ ಸೆಪ್ಟೆಂಬರ್ 7ರಂದು ಪೋಪ್ 14ನೇ ಲಿಯೋ ಅವನನ್ನು ಸಂತನೆಂದು ಘೋಷಿಸಿದರು. ಜೀನ್ಸ್, ಶೂ ಹಾಕಿಕೊಂಡ ಸಂತನ ಫೋಟೋ ನೋಡಿದ ಹುಡುಗರು ತಾವಾಗಿಯೇ ಮುಂದಿನ ಪ್ರಶ್ನೆ ಕೇಳುತ್ತಾರೆ. ಆಗ ಮೊಬೈಲ್ ಪಕ್ಕಕ್ಕಿಟ್ಟು ಅವರ ಜೊತೆ ಕೂತುಕೊಳ್ಳಿ.