ಜಗಳಕ್ಕೆ ಮೊದಲು ಊಟ

ನಮ್ಮ ಮೂಡಿಗೆರೆ ಕಡೆ ಗಂಡ ಹೆಂಡತಿ ಜಗಳದ ಬುಡ ಹುಡುಕಿದರೆ ಮುಕ್ಕಾಲು ಪಾಲು ಮೂರೇ ಕಾರಣ ಸಿಗುತ್ತವೆ. ಹಸಿವು, ಒದ್ದೆ ಬಟ್ಟೆ, ಸಾಲ. ಪ್ರೀತಿ ಕಡಿಮೆಯಾಗಿ ಜಗಳ ಆಗುವುದು ಅಪರೂಪ. ಹೊಸದಾಗಿ ಮದುವೆಯಾದ ಹುಡುಗಿಯರು ಬಂದು, "ದೊಡ್ಡಮ್ಮ, ಇವರು ಮೊದಲಿನ ಹಾಗೆ ಮಾತೇ ಆಡುವುದಿಲ್ಲ" ಅಂದರೆ ನಾನು ಮೊದಲು ಕೇಳುವುದು, "ಎಷ್ಟು ಹೊತ್ತಿಗೆ ಮಾತಾಡಿಸಿದೆ ಮಗಳೇ, ಅವನು ಏನಾದರೂ ತಿಂದಿದ್ದನಾ?" ಅಂತ. ನಗುತ್ತಾರೆ. ಆಮೇಲೆ ಯೋಚನೆ ಮಾಡುತ್ತಾರೆ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ ಅಲ್ವಾ? ಉಣ್ಣದೆ ಮಲಗಿದ ಜಗಳ ವಾರಗಟ್ಟಲೆ ಇರುವುದನ್ನು ನಾನು ನೋಡಿದ್ದೇನೆ. ಅದಕ್ಕೇ ನಮ್ಮ ಮನೆಯಲ್ಲಿ ಒಂದು ಕಟ್ಟುಪಾಡು. ಎಂಥಾ ಸಿಟ್ಟಿದ್ದರೂ ತಟ್ಟೆ ಹಾಕುವುದು, ಕೂತು ಉಣ್ಣುವುದು. ಮಾತಾಡದೆ ಬೇಕಾದರೆ ಉಣ್ಣಿ, ತಟ್ಟೆ ಮಾತ್ರ ತಳ್ಳಬೇಡಿ. ಗಂಡಸರಿಗೂ ಒಂದು ಮಾತು. ಹೆಂಗಸಿನ ಹಸಿವನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಕಾಫಿ ಕುಯ್ಲಿನ ಕಾಲದಲ್ಲಿ ಅವಳು ಬೆಳಗ್ಗೆ ಎಲ್ಲರಿಗೂ ಬೇಯಿಸಿ, ಮಧ್ಯಾಹ್ನ ಕಣ ಕಾದು, ಸಂಜೆ ಹಣ್ಣು ತೂಗುವಾಗ ಲೆಕ್ಕ ಬರೆದು, ಕೊನೆಗೆ ತಳದಲ್ಲಿ ಉಳಿದದ್ದನ್ನು ತಿನ್ನುತ್ತಾಳೆ. ಹೆಂಡತಿ ಸಿಡುಕಿ ಅಂತ ಊರೆಲ್ಲ ಹೇಳಿಕೊಂಡು ಬರುವ ಮೊದಲು ಅವಳ ಪಾಲಿನ ಸಾರು ತೆಗೆದಿಡಿ.

ಡಿಸೆಂಬರಿನಲ್ಲಿ ಅರೇಬಿಕಾ ಕುಯ್ಲು ಜೋರಾದರೆ ರೋಬಸ್ಟಾ ಮುಗಿಯುವ ಹೊತ್ತಿಗೆ ಮಾರ್ಚ್ ಆಗುತ್ತದೆ. ಆ ದಿನಗಳಲ್ಲಿ ಸಂಜೆ ಐದೂವರೆಗೆ ಏನಾದರೂ ಹೊಟ್ಟೆಗೆ ಬೀಳುವ ಹಾಗೆ ನೋಡಿಕೊಳ್ಳಿ. ಬೆಳಗಿನ ಕಡುಬು ನಾಲ್ಕು ಉಳಿಸಿಡಿ. ಪುಡಿ ಮಾಡಿ, ಸಾಸಿವೆ, ಈರುಳ್ಳಿ, ಹಸಿಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಹತ್ತು ನಿಮಿಷದ ಕೆಲಸ. ಯಾರು ಮೊದಲು ಒಳಗೆ ಬರುತ್ತಾರೋ ಅವರು ಮಾಡಿ. ಆಮೇಲೆ ಇಬ್ಬರೂ ಕಣಕ್ಕೆ ಹೋಗಿ ಒಣಗುತ್ತಿರುವ ಕಾಫಿಯನ್ನು ರಾಶಿ ಮಾಡಿ ಇಬ್ಬನಿ ಬೀಳದ ಹಾಗೆ ಮುಚ್ಚಿ. ಟಾರ್ಪಾಲಿನ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನಮ್ಮ ಕೈಯಲ್ಲಿ. ಒಬ್ಬರಿಂದ ಆಗುವ ಕೆಲಸ ಅಲ್ಲ ಅದು. ಅತ್ತೆ ಮಾವ, ಮೈದುನ, ನಾದಿನಿ ತುಂಬಿದ್ದ ಮನೆಯಲ್ಲಿ ನಮ್ಮಿಬ್ಬರಿಗೆ ಮಾತಾಡಲು ಸಿಕ್ಕ ಜಾಗ ಅಂದರೆ ಕಣವೇ. ಎಷ್ಟೋ ಸಲ ರಾಶಿ ಮುಚ್ಚಿ ಆಗಿದ್ದರೂ ಮೂಲೆಗೆ ಕಲ್ಲು ಇಡುವ ನೆಪದಲ್ಲಿ ಅಲ್ಲೇ ಇರುತ್ತಿದ್ದೆವು. ಅತ್ತೆಗೆ ಗೊತ್ತಿರಲಿಲ್ಲ ಅಂತ ಅಂದುಕೊಂಡಿದ್ದೆವು, ಬಿಡಿ.

ಇನ್ನು ಮಳೆಗಾಲ. ಆರಿದ್ರಾ ಹಿಡಿದರೆ ಆಶ್ಲೇಷದ ತನಕ ಬಿಸಿಲಿನ ಮುಖ ಕಾಣದ ವರ್ಷಗಳಿವೆ. ಬಟ್ಟೆ ಒಣಗುವುದಿಲ್ಲ, ಕರೆಂಟ್ ಇರುವುದಿಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂರಬೇಕು. ಬಚ್ಚಲ ಒಲೆ ಆರಲು ಬಿಡಬೇಡಿ. ಹಂಡೆಯ ಮೇಲೆ, ಬೆಂಕಿಗೆ ತಾಗದಷ್ಟು ಎತ್ತರಕ್ಕೆ ಎರಡು ಹಗ್ಗ ಕಟ್ಟಿ. ಮೊದಲು ಒಳಬಟ್ಟೆ ಮತ್ತು ಕಾಲುಚೀಲ, ಆಮೇಲೆ ಉಳಿದದ್ದು. ಸೀರೆ ಕಾಯಬಹುದು, ಒದ್ದೆ ಕಾಲುಚೀಲ ಹಾಕಿಕೊಂಡು ತೋಟಕ್ಕೆ ಹೋದ ಮನುಷ್ಯ ವಾಪಸ್ ಬರುವಾಗ ದೂರ್ವಾಸನೇ. ಬೆಂಕಿಪೊಟ್ಟಣವನ್ನು ಒಂದು ಹಿಡಿ ಅಕ್ಕಿ ಹಾಕಿದ ಡಬ್ಬಿಯಲ್ಲಿಡಿ. ಕಂಬಳಿ, ಹಾಸಿಗೆಯನ್ನೆಲ್ಲ ಮೇ ತಿಂಗಳ ಬಿಸಿಲಿಗೇ ಹಾಕಿ ಮುಗಿಸಿಬಿಡಿ.

ತೋಟಕ್ಕೆ ಹೊರಡುವಾಗ ಪಾದಕ್ಕೆ ಸುಣ್ಣ ಹೊಗೆಸೊಪ್ಪು ಸವರಿಕೊಂಡರೆ ಇಂಬಳ, ಅಂದರೆ ಜಿಗಣೆ, ಹತ್ತುವುದು ಕಡಿಮೆ. ಆದರೂ ಹತ್ತುತ್ತವೆ. ಕಾಲಿನದ್ದನ್ನು ಅವರೇ ಕಿತ್ತುಕೊಳ್ಳುತ್ತಾರೆ, ಬೆನ್ನಿನದ್ದು ಕಾಣುವುದು ಇನ್ನೊಬ್ಬರಿಗೆ ಮಾತ್ರ. ಸಂಜೆ ಸ್ನಾನಕ್ಕೆ ಮೊದಲು ದೀಪ ಹಿಡಿದು ಒಬ್ಬರ ಬೆನ್ನು, ಕತ್ತು, ಕಿವಿ ಹಿಂದೆ ಇನ್ನೊಬ್ಬರು ನೋಡುವುದನ್ನು ರೂಢಿ ಮಾಡಿಕೊಳ್ಳಿ. ಬೆಳಗ್ಗಿನಿಂದ ಮುಖ ಊದಿಸಿಕೊಂಡಿದ್ದರೂ ಇದೊಂದನ್ನು ಬಿಡುವ ಹಾಗಿಲ್ಲ. ಎಷ್ಟೋ ರಾಜಿ ಆಗಿರುವುದು ಈ ಇಂಬಳದಿಂದ.

ಸಾಲದ ವಿಷಯ ಸ್ವಲ್ಪ ಉದ್ದ ಹೇಳಬೇಕು. ಕಾಫಿಯವರಿಗೆ ವರ್ಷಕ್ಕೆ ಒಂದು ಸಲ ದುಡ್ಡು ಬರುತ್ತದೆ, ಖರ್ಚು ಮಾತ್ರ ದಿನಾ. 2001, 2002ರ ಹೊತ್ತಿಗೆ ಬೆಲೆ ನೆಲ ಕಚ್ಚಿದಾಗ ಕುಯ್ಲಿನ ಕೂಲಿಯೂ ಹುಟ್ಟುತ್ತಿರಲಿಲ್ಲ. 2024ರ ಕೊನೆಗೆ, 2025ರ ಮೊದಲಿಗೆ ಅದೇ ಕಾಫಿ ಹಿಂದೆಂದೂ ಕಾಣದ ಬೆಲೆಗೆ ಹೋಯಿತು. ಎರಡೂ ಕಾಲದಲ್ಲಿ ಸಂಸಾರ ಕೆಟ್ಟವರಿದ್ದಾರೆ. ನನ್ನನ್ನು ಕೇಳಿದರೆ ದುಡ್ಡು ಜಾಸ್ತಿ ಬಂದ ವರ್ಷವೇ ಹೆಚ್ಚು ಅಪಾಯ, ಯಾಕೆಂದರೆ ಕಷ್ಟದಲ್ಲಿ ಇಬ್ಬರೂ ಲೆಕ್ಕ ನೋಡುತ್ತಾರೆ, ಸುಖದಲ್ಲಿ ಒಬ್ಬರೇ ತೀರ್ಮಾನ ಮಾಡುತ್ತಾರೆ.

ಹಾಗಾಗಿ ವಾರಕ್ಕೊಂದು ಹೊತ್ತು ಗೊತ್ತು ಮಾಡಿಕೊಳ್ಳಿ. ಬಟವಾಡೆ ಮುಗಿದ ಮೇಲೆ, ಊಟ ಆದ ಮೇಲೆ, ಆಳುಗಳ ಹಾಜರಿ ಕೂಲಿ ಬರೆಯುವ ಚೆಕ್‌ರೋಲ್ ಪುಸ್ತಕ ಮುಂದಿಟ್ಟುಕೊಂಡು ದುಡ್ಡಿನ ಮಾತು. ಉಳಿದ ಹೊತ್ತಿನಲ್ಲಿ, ಅದರಲ್ಲೂ ಮಲಗುವ ಕೋಣೆಯಲ್ಲಿ, ಸಾಲದ ಸುದ್ದಿ ಎತ್ತಬೇಡಿ. ಒಡವೆ ಅಡ ಇಡಬೇಕಾಗಿ ಬಂದರೆ ಬ್ಯಾಂಕಿಗೆ ಇಬ್ಬರೂ ಒಟ್ಟಿಗೆ ಹೋಗಿ. ಬೆಲೆ ಬಿದ್ದ ಆ ಕಾಲದಲ್ಲಿ ನನ್ನ ಸರವೂ ಅಡಕ್ಕೆ ಹೋಯಿತು. ಕತ್ತಿನಿಂದ ಬಿಚ್ಚಿದ್ದು ನಾನೇ, ರಸೀದಿ ಮಡಿಸಿ ಜೇಬಿಗೆ ಇಟ್ಟುಕೊಂಡಿದ್ದು ಅವರು. ವಾಪಸ್ ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಒಂದು ಮೊಳ ಮಲ್ಲಿಗೆ ಕೊಡಿಸಿದರು. ಬರೀ ಕತ್ತಿಗೆ ಮಲ್ಲಿಗೆ ಏನು ಸಮ ಅಂತ ಬೈದುಕೊಂಡೇ ಮುಡಿದೆ. ಒಡವೆ ಸಾಲದ ಅವಧಿ ಸಾಮಾನ್ಯವಾಗಿ ಒಂದು ವರ್ಷ. ಆ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಇಲ್ಲದಿದ್ದರೆ ಹರಾಜಿನ ನೋಟಿಸ್ ಬಂದಾಗ ನೆನಪಾಗುತ್ತದೆ.

ಖಾತೆ ಇಬ್ಬರ ಹೆಸರಿನಲ್ಲಿರಲಿ, ಯಾರೊಬ್ಬರು ಸಹಿ ಹಾಕಿದರೂ ದುಡ್ಡು ಸಿಗುವ ಹಾಗೆ, ಒಬ್ಬರು ಹೋದರೆ ಉಳಿದವರಿಗೆ ತೊಂದರೆಯಾಗದ ಹಾಗೆ. ಫಾರಂ ತುಂಬುವಾಗಲೇ ಇದನ್ನು ಕೇಳಿ ಬರೆಸಬೇಕು. ಎಪ್ಪತ್ತು ವರ್ಷದ ಒಳಗಿನವರು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿ. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸಾವಾದರೆ 2 ಲಕ್ಷ. ಮೇ ಕೊನೆಗೆ ಖಾತೆಯಿಂದ ತಾನೇ ಕಡಿತವಾಗುತ್ತದೆ, ಆಗ ಅದರಲ್ಲಿ ದುಡ್ಡಿರಬೇಕು ಅಷ್ಟೇ. ಮರ ಹತ್ತುವವರ ಮನೆಯಲ್ಲಂತೂ ಇದು ಇರಲೇಬೇಕು. ಅಪಶಕುನ ಅಂತ ಬಾಯಿ ಮುಚ್ಚಿಸುವ ಗಂಡಸರಿದ್ದಾರೆ. ಅವರ ಮಾತು ಕೇಳಬೇಡಿ.

ನಮ್ಮನೆಯವರು ಮೆಣಸು ಕುಯ್ಯುವಾಗ ಏಣಿಯಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಬಾರದ ವರ್ಷ ಅದು. ರೋಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕದಿದ್ದರೆ ಮುಂದಿನ ಫಸಲಿಲ್ಲ. ಪಂಪ್‌ಸೆಟ್ ಚಾಲೂ ಮಾಡುವುದು, ಗಾಳಿ ಹಿಡಿದ ಪೈಪ್ ಸರಿ ಮಾಡುವುದು ನನಗೆ ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ ಅವರ ಹಿಂದೆ ಹಿಂದೆ ಸುತ್ತುವಾಗ ಕಲಿತದ್ದು, ಅಷ್ಟರ ಮಟ್ಟಿಗೆ ಪ್ರೀತಿ ಉಪಯೋಗಕ್ಕೆ ಬಂತು. ಅವರಿಗೂ ಗಂಜಿ, ಚಟ್ನಿ, ಮೊಟ್ಟೆ ಸಾರು ಬರುತ್ತಿತ್ತು. ಒಬ್ಬರ ಕೆಲಸ ಇನ್ನೊಬ್ಬರಿಗೆ ಅರ್ಧವಾದರೂ ಬರಬೇಕು ಅಂತ ನಾನು ಹಟ ಹಿಡಿದು ಹೇಳುವುದು ಇದಕ್ಕೇ.

ಮಲಗಿದವರನ್ನು ನೋಡಿಕೊಳ್ಳುವುದಕ್ಕೂ ಒಂದು ಕ್ರಮ ಇದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಮೂಳೆ ಮುರಿದವರನ್ನು ಯಾವ ಮಗ್ಗುಲಿಗೆ, ಎಷ್ಟು ಹೊರಳಿಸಬಹುದು ಅಂತ ಡಾಕ್ಟರನ್ನು ಮೊದಲೇ ಕೇಳಿಕೊಳ್ಳಿ. ರಟ್ಟೆ ಹಿಡಿದು ಎಳೆಯಬೇಡಿ. ಮೈಕೆಳಗೆ ಮಡಿಸಿದ ದುಪ್ಪಟಿ ಹಾಕಿ, ಅದರ ಎರಡು ಕಡೆ ಇಬ್ಬರು ಹಿಡಿದು ಸರಿಸಿದರೆ ಅವರಿಗೂ ನೋವಿಲ್ಲ, ನಮ್ಮ ಸೊಂಟಕ್ಕೂ ಒಳ್ಳೆಯದು. ಗಡ್ಡ ಬೋಳಿಸಿ, ತಲೆ ಬಾಚಿ. ಮಲಗಿದ ಗಂಡಸಿಗೆ ಮಾತ್ರೆಯಷ್ಟೇ ಮುಖ್ಯ, ತಾನು ಇನ್ನೂ ನೋಡುವ ಹಾಗಿದ್ದೇನೆ ಅನ್ನುವುದು. ಆರೈಕೆ ಮಾಡುವವರು ದಿನಕ್ಕೆ ಒಂದು ಗಂಟೆ ಹೊರಗೆ ಹೋಗಿ ಬನ್ನಿ, ಪಕ್ಕದ ಮನೆಗಾದರೂ. ಇದು ಸ್ವಾರ್ಥ ಅಲ್ಲ. ಇಪ್ಪತ್ತನಾಲ್ಕು ಗಂಟೆ ಎದುರಿಗೇ ಕೂತರೆ ಎಂಥವರ ಮೇಲೂ ಬೇಸರ ಬರುತ್ತದೆ.

ಹೂಮಳೆಯಾಗಿ ಎಂಟು ಹತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗಾಗುತ್ತದೆ. ಹೂವು ಉದುರಬಾರದು ಅಂತ ಆ ದಿನ ನಮ್ಮ ಕಡೆ ತೋಟದೊಳಗೆ ಆಳು ಬಿಡುವುದಿಲ್ಲ. ಅಂದರೆ ಯಜಮಾನರಿಗೂ ರಜೆ. ಆ ದಿನವನ್ನು ಸುಮ್ನೆ ಬ್ಯಾಂಕು, ಸೊಸೈಟಿ ಅಂತ ಕಳೆಯಬೇಡಿ. ಬೆಳಗ್ಗೆ ಬೇಗ ಎದ್ದು ರಸ್ತೆ ಮೇಲೆ ನಿಂತು ವಾಸನೆ ಕುಡಿದು, ರೊಟ್ಟಿ ಕಟ್ಟಿಕೊಂಡು ದೇವರಮನೆ ಗುಡ್ಡಕ್ಕೋ ಅಂಗಡಿ ಊರಿನ ವಾಸಂತಿಕಾ ಗುಡಿಗೋ ಹೋಗಿ ಬನ್ನಿ. ಮಕ್ಕಳನ್ನು ಅಜ್ಜಿ ಹತ್ತಿರ ಬಿಡಿ. ಮರುದಿನವೂ ಹೂವಿರುತ್ತದೆ, ಮಕ್ಕಳು ಅದನ್ನು ನೋಡಲಿ.

ವಯಸ್ಸಾದವರಿಗೆ ಒಂದೇ ಮಾತು. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಘಾಟಿ ಮುಚ್ಚಿದ ಮೇಲೆ ಬೆಂಗಳೂರಿನಲ್ಲಿರುವ ಮಕ್ಕಳಿಗೆ ಮಳೆಗಾಲ ಬಂತೆಂದರೆ ಭಯ. ಅಪ್ಪ ಮಗನ ಮನೆಗೆ, ಅಮ್ಮ ಮಗಳ ಮನೆಗೆ ಬರಲಿ, ಬಾಣಂತನಕ್ಕೂ ಆಗುತ್ತದೆ ಅಂತ ಹಂಚಿಕೊಳ್ಳುತ್ತಾರೆ. ಒಪ್ಪಬೇಡಿ. ಹೋದರೆ ಇಬ್ಬರೂ ಒಂದೇ ಮನೆಗೆ ಹೋಗಿ, ಎರಡು ವಾರ ಇದ್ದು, ಆಮೇಲೆ ಇನ್ನೊಂದು ಮನೆಗೆ ಒಟ್ಟಿಗೇ ಹೊರಡಿ. ಪಹಣಿ, ಪಾಸ್‌ಬುಕ್ಕುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಜೊತೆಗೆ ತೆಗೆದುಕೊಂಡು ಹೋಗಿ, ಬಿ.ಪಿ. ಮಾತ್ರೆಯ ಡಬ್ಬಿ ಇಬ್ಬರದ್ದೂ ಬೇರೆ ಬೇರೆ ಬಣ್ಣದ್ದಿರಲಿ. ನಾಯಿಗೆ ಅನ್ನ ಹಾಕಲು ಪಕ್ಕದ ಮನೆಯವರಿಗೆ ಹೇಳಿದರಾಯಿತು, ಅಕ್ಕಿ ಮುಂಚೆಯೇ ಕೊಟ್ಟಿರಿ.