561ರಿಂದ 748ಕ್ಕೆ: ಏಜೆಂಟ್ ಇಲ್ಲದೆ ಸಿಬಿಲ್ ಸರಿಮಾಡಿಕೊಂಡ ನನ್ನ ಅನುಭವ

ತಿಪಟೂರಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. 2024ರ ಬೇಸಿಗೆಯಲ್ಲಿ ಕಲರ್ ಮೆಷಿನ್ ತಗೊಳ್ಳಲು ಎರಡೂವರೆ ಲಕ್ಷ ಸಾಲ ಕೇಳಿಕೊಂಡು ಬ್ಯಾಂಕಿಗೆ ಹೋದೆ. ಮ್ಯಾನೇಜರ್ ಕಂಪ್ಯೂಟರಿನಲ್ಲಿ ನನ್ನ ಸಿಬಿಲ್ ಸ್ಕೋರ್ (ಸಾಲ ತೀರಿಸಿದ ಚರಿತ್ರೆ ನೋಡಿ ಕೊಡುವ ಅಂಕ) ನೋಡಿ, "561 ಇದೆಯಲ್ರೀ, ಆಗಲ್ಲ" ಅಂದರು. ಹದಿನಾರು ತಿಂಗಳಾದ ಮೇಲೆ ಅದೇ ಟೇಬಲ್ ಮುಂದೆ 748 ಸ್ಕೋರ್ ಇಟ್ಟುಕೊಂಡು ಕೂತೆ. ಸಾಲ ಆಯಿತು. ಅಷ್ಟು ದಿನವೂ ಭಾವಮೈದ, ಅಕ್ಕಪಕ್ಕದ ಅಂಗಡಿಯವರು ಎಲ್ಲರೂ ಹೇಳಿದ್ದು ಒಂದೇ ಮಾತು: "ಒಂದು ಸಲ ಕೆಟ್ಟರೆ ಮುಗೀತು. ಇದೆಲ್ಲ ನಿನ್ನ ಕೈಲಿ ಆಗಲ್ಲ." ಆಗುತ್ತದೆ. ಹೇಗಾಯಿತು ಅಂತ ಬರೆಯುತ್ತಿದ್ದೇನೆ.

ಮೊದಲು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಬ್ಯಾಂಕ್ ಇಲ್ಲ ಅಂದ ಸಿಟ್ಟಿಗೆ ಒಂದೇ ವಾರದಲ್ಲಿ ಆರು ಕಡೆ ಅರ್ಜಿ ಹಾಕಿದೆ. ಆರೂ ಕಡೆಯವರು ನನ್ನ ಕ್ರೆಡಿಟ್ ರಿಪೋರ್ಟ್, ಅಂದರೆ ಸಾಲದ ಚರಿತ್ರೆ, ತೆಗೆದು ನೋಡಿದರು. ಆರು ಎನ್‌ಕ್ವೈರಿ ಬಿದ್ದವು, ಸ್ಕೋರ್ ಇನ್ನೂ ಕೆಳಗಿಳಿಯಿತು. ನಮ್ಮ ರಿಪೋರ್ಟನ್ನು ನಾವೇ ನೋಡಿದರೆ ಏನೂ ಆಗಲ್ಲ. ಆಮೇಲೆ ನಾನು ಪ್ರತಿ ವಾರ ನೋಡುತ್ತಿದ್ದೆ, ಒಂದು ಪಾಯಿಂಟೂ ಹೋಗಲಿಲ್ಲ.

ಎರಡನೇ ತಪ್ಪಿಗೆ 6,500 ರೂಪಾಯಿ ಹೋಯಿತು. "ಸ್ಕೋರ್ ಮೂರು ತಿಂಗಳಲ್ಲಿ 750 ಮಾಡ್ತೀವಿ" ಅಂತ ಬೆಂಗಳೂರಿನಿಂದ ಒಬ್ಬ ಫೋನ್ ಮಾಡಿದ. ಲಾಗಿನ್ ಕೇಳಿದ, ಓಟಿಪಿ ಕೇಳಿದ, ಎರಡನ್ನೂ ಕೊಟ್ಟೆ. ಅವನು ಮಾಡಿದ್ದು ಇಷ್ಟೇ: ರಿಪೋರ್ಟಿನಲ್ಲಿದ್ದ ಎಲ್ಲ ಸಾಲಗಳ ಮೇಲೂ, ನಾನೇ ತಗೊಂಡಿದ್ದರ ಮೇಲೂ, "ಇದು ನನ್ನದಲ್ಲ" ಅಂತ ಡಿಸ್ಪ್ಯೂಟ್ ಒತ್ತಿದ್ದ. ಎಲ್ಲವೂ "ಸರಿ ಇದೆ" ಅಂತ ವಾಪಸ್ ಬಂದವು. ಅಷ್ಟರಲ್ಲಿ ಅವನ ಫೋನ್ ಸ್ವಿಚ್ ಆಫ್. ನಾನು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡುವಾಗ ಎರಡು ತಿಂಗಳು ಕಳೆದಿತ್ತು. ಹಣ ಎಲ್ಲಿಂದ ಸಿಗಬೇಕು?

ಆಗ ನಾನೇ ಕೂತು, ಸ್ಕೋರ್ ಕೊಡುವ ನಾಲ್ಕೂ ಕಂಪನಿಗಳ (ಬ್ಯೂರೋ ಅಂತಾರೆ) ರಿಪೋರ್ಟ್ ತೆಗೆದೆ. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ಒಂದೊಂದೂ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಪುಕ್ಕಟೆ ಕೊಡಬೇಕು. ನಾಲ್ಕನ್ನೂ ಪ್ರಿಂಟ್ ಹಾಕಿ, ನೆಲದ ಮೇಲೆ ಹರಡಿ, ಕೆಂಪು ಪೆನ್ ಹಿಡಿದು ಸಾಲುಸಾಲಾಗಿ ಓದಿದೆ. ರೋಗ ಎರಡಿದ್ದವು.

ಒಂದು ನನ್ನದೇ ಕ್ರೆಡಿಟ್ ಕಾರ್ಡ್. ಬಾಕಿ 68 ಸಾವಿರದ ಹತ್ತಿರ ಇದ್ದಾಗ ತಿಂಗಳಿಗೆ ಮಿನಿಮಮ್ ಡ್ಯೂ, ಅಂದರೆ ಕಟ್ಟಲೇಬೇಕಾದ ಕನಿಷ್ಠ ಹಣ, 3,400 ಕಟ್ಟುತ್ತಿದ್ದೆ. ಲೆಕ್ಕ ಹಾಕಿ ನೋಡಿದೆ. ಮೂರೂವರೆ ಪರ್ಸೆಂಟ್ ಬಡ್ಡಿ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಎರಡೂ ಸೇರಿ 2,800. ಅಸಲಿಗೆ ಹೋಗುತ್ತಿದ್ದದ್ದು ಆರುನೂರು ರೂಪಾಯಿ! ಅಪ್ಪ ಆಸ್ಪತ್ರೆಯಲ್ಲಿದ್ದಾಗ ನಾಲ್ಕು ತಿಂಗಳು ಅದನ್ನೂ ಕಟ್ಟಲಾಗಲಿಲ್ಲ. ಅಷ್ಟೊತ್ತಿಗೆ ಸ್ವಲ್ಪ ಇಳಿದಿದ್ದ ಬಾಕಿ ಮತ್ತೆ ಏರಿ 74 ಸಾವಿರಕ್ಕೆ ಹೋಯಿತು. ರಿಕವರಿಯವರು ಫೋನ್ ಮಾಡಿ "40 ಸಾವಿರ ಕಟ್ಟಿ, ಮುಗಿಸಿಬಿಡೋಣ" ಅಂದರು. 34 ಸಾವಿರ ಉಳಿಯುತ್ತದೆ, ಯಾರಿಗೆ ಆಸೆ ಆಗಲ್ಲ? ಆದರೆ ಹಾಗೆ ಮುಗಿಸಿದರೆ ರಿಪೋರ್ಟಿನಲ್ಲಿ "ಸೆಟಲ್ಡ್" ಅಂತ ಬೀಳುತ್ತದೆ. ಪೂರ್ತಿ ಕಟ್ಟಲಿಲ್ಲ ಅನ್ನುವುದನ್ನೇ ಹಾಗೆ ಬರೆಯುತ್ತಾರೆ. ಅದನ್ನು ನೋಡಿದ ಬ್ಯಾಂಕಿನವರು ಮುಂದೆ ಮಾತೇ ಆಡಲ್ಲ. ನನಗೆ "ಕ್ಲೋಸ್ಡ್" ಬೇಕಿತ್ತು.

ಹೆಂಡತಿಯ ಎರಡೆಳೆ ಸರ ಇತ್ತು, 16 ಗ್ರಾಂ. ಅದನ್ನು ಬ್ಯಾಂಕಿನಲ್ಲಿಟ್ಟು 74 ಸಾವಿರ ತೆಗೆದು ಕಾರ್ಡಿಗೆ ಒಂದೇ ಸಲ ಕಟ್ಟಿದೆ. "ಒಡವೆ ಇಟ್ಟು ಕಾರ್ಡ್ ಸಾಲ ತೀರಿಸ್ತಾರಾ ಭಾವ? ಸರಾನೂ ಹೋಗುತ್ತೆ ನೋಡ್ತಿರಿ" ಅಂತ ಭಾವಮೈದ ಎಲ್ಲರ ಮುಂದೆ ಅಂದ. ಇವಳು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ನಾನು ಬರೀ ಲೆಕ್ಕ ತೋರಿಸಿದೆ: ಕಾರ್ಡಿಗೆ ತಿಂಗಳಿಗೆ ಮೂರು ಸಾವಿರ ಬಡ್ಡಿ, ಚಿನ್ನಕ್ಕೆ ಆರುನೂರು. ಚಿನ್ನದ ಸಾಲಕ್ಕೆ ತಿಂಗಳಿಗೆ ಐದಾರು ಸಾವಿರ ಕಟ್ಟುತ್ತಾ ಬಂದೆ, ಒಂದು ತಿಂಗಳೂ ತಪ್ಪಿಸಲಿಲ್ಲ. ಕಾರ್ಡ್ ಕ್ಲೋಸ್ ಮಾಡಿಸಿ ಎನ್‌ಒಸಿ (ಬಾಕಿ ಇಲ್ಲ ಅನ್ನುವ ಪತ್ರ) ತಗೊಂಡೆ. ಕಟ್ಟದ ಆ ನಾಲ್ಕು ತಿಂಗಳ ಕಲೆ ರಿಪೋರ್ಟಿನಲ್ಲಿ ಈಗಲೂ ಇದೆ. ಹಳೆಯದಾದಷ್ಟೂ ಅದರ ಭಾರ ಕಡಿಮೆಯಾಗುತ್ತದೆ, ಅಷ್ಟೆ.

ಎರಡನೆಯದು ನನ್ನದಲ್ಲದ ಸಾಲ. 2023ರ ನವೆಂಬರ್‌ನಲ್ಲಿ ನನ್ನ ಪ್ಯಾನ್ ಮೇಲೆ ಯಾರೋ ಒಂದು ಸಾಲದ ಆಪ್‌ನಲ್ಲಿ 14 ಸಾವಿರ ತೆಗೆದು ಒಂದು ಕಂತೂ ಕಟ್ಟಿರಲಿಲ್ಲ. ಮೂರು ರಿಪೋರ್ಟುಗಳಲ್ಲಿ ಇತ್ತು, ಒಂದರಲ್ಲಿ ಇರಲಿಲ್ಲ. ಒಂದೇ ರಿಪೋರ್ಟ್ ತೆಗೆದು ಸುಮ್ನೆ ಕೂರಬೇಡಿ ಅನ್ನುವುದು ಇದಕ್ಕೇ.

ಸಾಲ ಕೊಟ್ಟ ಕಂಪನಿಗೆ ಮೊದಲು ನಾಲ್ಕು ಪುಟದ ಮೇಲ್ ಬರೆದೆ. ನನ್ನ ಕಷ್ಟ, ಅಪ್ಪನ ಆಸ್ಪತ್ರೆ, ಎಲ್ಲವನ್ನೂ. "ನಿಮ್ಮ ದೂರು ಪರಿಶೀಲಿಸುತ್ತಿದ್ದೇವೆ" ಅಂತ ಎರಡು ಸಾಲಿನ ಉತ್ತರ ಬಂತು. ಫೋನಿನಲ್ಲಿ ಜಗಳ ಆಡಿದೆ, ಅದಕ್ಕೆ ದಾಖಲೆಯೇ ಇಲ್ಲ. ರಿಸರ್ವ್ ಬ್ಯಾಂಕಿನ ದೂರಿನ ಜಾಲತಾಣ ಸಿಎಂಎಸ್‌ನಲ್ಲಿ ಓಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ದೂರು ಹಾಕಿದೆ, ಅದನ್ನೂ ಮುಚ್ಚಿಬಿಟ್ಟರು. ಕಂಪನಿಗೆ ಬರಹದಲ್ಲಿ ದೂರು ಕೊಟ್ಟು, ಅವರ ಕೊನೆಯ ಉತ್ತರಕ್ಕೆ 30 ದಿನ ಕಾಯಬೇಕಿತ್ತು. ನಾನು ಹನ್ನೆರಡನೇ ದಿನವೇ ಹೋಗಿದ್ದೆ. ತಪ್ಪು ನನ್ನದೇ.

ಆಮೇಲೆ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇಟ್ಟೆ. ತಾರೀಖು, ಹೊತ್ತು, ದೂರಿನ ನಂಬರ್, ಯಾರು ಏನು ಹೇಳಿದರು, ಎಲ್ಲ ಅದರಲ್ಲಿ. ಮೇಲ್ ಐದೇ ಸಾಲಿಗೆ ಇಳಿಯಿತು. ಅದರಲ್ಲಿ ಕೆಲಸ ಮಾಡಿದ್ದು ಒಂದೇ ಪ್ರಶ್ನೆ: "ಈ ಸಾಲದ ಹಣವನ್ನು ಯಾವ ಬ್ಯಾಂಕ್ ಖಾತೆಗೆ ಹಾಕಿದ್ದೀರಿ? ಕೊನೆಯ ನಾಲ್ಕು ಅಂಕಿ ತಿಳಿಸಿ." ಆಪ್ ಸಾಲದ ಹಣ ಸಾಲಗಾರನ ಖಾತೆಗೇ ನೇರವಾಗಿ ಹೋಗಬೇಕು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ಜೊತೆಗೆ ನನ್ನ ಖಾತೆಯ ಆ ತಿಂಗಳ ಸ್ಟೇಟ್‌ಮೆಂಟ್ ಇಟ್ಟೆ. ರಿಪೋರ್ಟಿನಲ್ಲಿ ಆ ಸಾಲದ ಜೊತೆ ಬಂದಿದ್ದ ಫೋನ್ ನಂಬರ್, ವಿಳಾಸ ನನ್ನದಲ್ಲ ಅಂತ ಕೆಂಪು ಗೆರೆ ಎಳೆದು ತೋರಿಸಿದೆ. ಬ್ಯೂರೋಗಳಲ್ಲೂ ಅದೊಂದೇ ಸಾಲದ ಮೇಲೆ ಡಿಸ್ಪ್ಯೂಟ್ ಹಾಕಿದೆ. 30 ದಿನ ದಾಟಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅನ್ನುವ ನಿಯಮ 2024ರ ಏಪ್ರಿಲ್‌ನಿಂದ ಇದೆ. ಅದನ್ನೂ ಕೊನೆಯ ಸಾಲಿನಲ್ಲಿ ಬರೆದೆ. 31ನೇ ದಿನ ಬೆಳಗ್ಗೆಯೇ ಮತ್ತೆ ಓಂಬುಡ್ಸ್‌ಮನ್‌ಗೆ ಹೋದೆ.

49ನೇ ದಿನವೋ ಏನೋ, ಸಾಲ ರಿಪೋರ್ಟಿನಿಂದ ಮಾಯ! ಕೆಲವು ದಿನ ಬಿಟ್ಟು ಖಾತೆಗೆ 1,900 ರೂಪಾಯಿ ಪರಿಹಾರವೂ ಬಂತು. ಆ ಮೆಸೇಜನ್ನು ಇಡೀ ಬೀದಿಗೆ ತೋರಿಸಿದೆ. ಮೇಲ್‌ನ ಸಬ್ಜೆಕ್ಟ್ ಸಾಲಿನಲ್ಲಿ ಏನು ಬರೆದೆ, ವಾರದ ಯಾವ ದಿನ ಕಳಿಸಿದೆ ಅನ್ನುವುದನ್ನು ಇಲ್ಲಿ ಹೇಳಲ್ಲ. ಎಲ್ಲರೂ ಅದನ್ನೇ ಬರೆಯಲು ಶುರುಮಾಡಿದರೆ ಅದು ಕೆಲಸ ಮಾಡಲ್ಲ. ಅಂಗಡಿಗೆ ಬಂದವರಿಗೆ ಹೇಳುತ್ತೇನೆ.

ಸ್ಕೋರ್ ಮೇಲೇರಲು ಹೊಸ ಒಳ್ಳೆಯ ದಾಖಲೆ ಬೇಕು. 20 ಸಾವಿರ ಎಫ್‌ಡಿ ಇಟ್ಟು ಅದರ ಮೇಲೆ ಕಾರ್ಡ್ ತಗೊಂಡೆ. ಲಿಮಿಟ್ 16 ಸಾವಿರ. ಪೆಟ್ರೋಲ್, ಕರೆಂಟ್ ಬಿಲ್ ಬಿಟ್ಟು ಬೇರೇನಕ್ಕೂ ಬಳಸಲಿಲ್ಲ. ಇದರ ಮೇಲೆ ಒಂದು ಪ್ರಯೋಗ ಮಾಡಿದೆ. ಎರಡು ತಿಂಗಳು ಬೇಕಂತಲೇ 14 ಸಾವಿರದವರೆಗೆ ಉಜ್ಜಿ, ಡ್ಯೂ ಡೇಟಿಗೆ ಮೊದಲೇ ಪೂರ್ತಿ ಕಟ್ಟಿದೆ. ಆದರೂ ಸುಮಾರು 25 ಪಾಯಿಂಟ್ ಇಳಿಯಿತು. ನನ್ನ ಬ್ಯಾಂಕ್ ಬ್ಯೂರೋಗೆ ಕಳಿಸುತ್ತಿದ್ದದ್ದು ಸ್ಟೇಟ್‌ಮೆಂಟ್ (ತಿಂಗಳ ಬಿಲ್) ದಿನದ ಬಾಕಿ. ಮೂರನೇ ತಿಂಗಳು ಅಷ್ಟೇ ಬಳಸಿ, ಸ್ಟೇಟ್‌ಮೆಂಟ್ ಬರುವ ಎರಡು ದಿನ ಮೊದಲೇ ಕಟ್ಟಿದೆ. ಇಳಿದದ್ದು ವಾಪಸ್ ಬಂತು, ಮೇಲೆ ಇನ್ನೂ ಸ್ವಲ್ಪ ಸೇರಿತು. 2025ರಲ್ಲಿ ಹದಿನೈದು ದಿನಕ್ಕೊಮ್ಮೆ ಮಾಹಿತಿ ಹೋಗಲು ಶುರುವಾಗಿದ್ದರಿಂದ ಏರಿಳಿತ ಬೇಗ ಕಾಣುತ್ತಿತ್ತು.

ನನ್ನ ಪ್ಯಾನ್ ಹೇಗೆ ಸೋರಿತು ಅಂತ ಗೊತ್ತಾಗಲೇ ಇಲ್ಲ. ಆದರೆ ಜೆರಾಕ್ಸ್ ಅಂಗಡಿಯವನಿಗೆ ಒಂದು ಗೊತ್ತು. ಸರಿಯಾಗಿ ಬಾರದ ಕಾಪಿ ಬುಟ್ಟಿಗೆ, ಬುಟ್ಟಿಯಿಂದ ರದ್ದಿಗೆ, ರದ್ದಿಯಿಂದ ಬೋಂಡದ ಪೊಟ್ಟಣಕ್ಕೆ. ನಾನೂ ಹಾಗೇ ಕೊಡುತ್ತಿದ್ದೆ. ಈಗ ನಾಲ್ಕು ಸಾವಿರ ಕೊಟ್ಟು ಶ್ರೆಡರ್ (ಕಾಗದ ಚೂರು ಮಾಡುವ ಮೆಷಿನ್) ತಂದಿದ್ದೇನೆ. ವಾಟ್ಸಾಪ್‌ನಲ್ಲಿ ಬಂದ ಆಧಾರ್ ಫೋಟೋಗಳನ್ನು ಸಂಜೆ ಬಾಗಿಲು ಹಾಕುವ ಮೊದಲು ಅಳಿಸುತ್ತೇನೆ. ಪ್ರತಿ ಕಾಪಿಯ ಮೇಲೂ ಅಡ್ಡಲಾಗಿ "ಸಿಮ್‌ಗೆ ಮಾತ್ರ", "ಬಾಡಿಗೆ ಕರಾರಿಗೆ ಮಾತ್ರ" ಅಂತ ತಾರೀಖು ಹಾಕಿ ಬರೆದು ಸಹಿ ಮಾಡಿಸುತ್ತೇನೆ. ಕೆಲವರು ಗೊಣಗುತ್ತಾರೆ, ಆದರೂ ಬಿಡಲ್ಲ.

ಒಂದು ಸಲ ಕೊಬ್ಬರಿ ವ್ಯಾಪಾರಿಯೊಬ್ಬರು ಅಂಗಡಿಯಲ್ಲಿ ನಿಂತಿದ್ದಾಗಲೇ ಅವರ 48 ಸಾವಿರ ಹೋಯಿತು. ಕರೆಂಟ್ ಕಟ್ ಮಾಡ್ತೀವಿ ಅಂತ ಬಂದ ಫೋನು. ಅವರು ಮಗನಿಗೆ ಹೇಳಲು ಹೊರಟರು. ನಾನು ಫೋನ್ ಕಿತ್ತುಕೊಂಡು ಮೊದಲು 1930 ಒತ್ತಿದೆ. ಇಪ್ಪತ್ತು ನಿಮಿಷ ಆಗಿರಲಿಲ್ಲ. ಸುಮಾರು 32 ಸಾವಿರ ನಡುವೆಯೇ ತಡೆಹಿಡಿದರು. ಕೈಗೆ ಬರಲು ಕೋರ್ಟ್ ಆದೇಶ, ಅದು ಇದು ಅಂತ ಐದು ತಿಂಗಳು ಹಿಡಿಯಿತು, ಆದರೂ ಬಂತು. ನನ್ನ 6,500 ಹೋದಾಗ ಇದು ಗೊತ್ತಿದ್ದಿದ್ದರೆ ಅಂತ ಈಗಲೂ ಸಂಕಟ ಆಗುತ್ತದೆ.

ಮೆಷಿನ್ ಬಂದ ವಾರವೇ ಚಿನ್ನದ ಸಾಲವೂ ಮುಗಿಯಿತು. ಸರ ಬಿಡಿಸಲು ಇಬ್ಬರೂ ಹೋದೆವು. ಸೀಲ್ ಮಾಡಿದ ಪೊಟ್ಟಣವನ್ನು ನಮ್ಮ ಮುಂದೆಯೇ ಕತ್ತರಿಸಿದರು. ಇವಳು ತೂಕ ಹಾಕಿಸಿಯೇ ಸಹಿ ಮಾಡಿದಳು. ಹದಿನಾರು ಗ್ರಾಂ, ಹಾಗೇ ಇತ್ತು. ಅಂಗಡಿಗೆ ವಾಪಸ್ ಬಂದರೆ ಭಾವಮೈದ ಸ್ಟೂಲ್ ಮೇಲೆ ಕೂತಿದ್ದ, ಕೈಯಲ್ಲಿ ಪ್ಯಾನ್ ಕಾರ್ಡ್. "ಭಾವ, ನಂದೂ ನಾಲ್ಕೂ ರಿಪೋರ್ಟ್ ತೆಗೀರಿ" ಅಂದ.